ಆನೆ ಹೊಡೆಯುವ ಮುಂಚೆ ರಾಜನನ್ನು ನೋಡಿ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಚೆಸ್ ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಕರೆಯಿರಿ, ಬೋರ್ಡೂ ತರಲಿ. ಇವತ್ತು ನಾನು ಹೇಳುವುದು ಒಂದೇ ಮಾತು. ಎದುರಾಳಿಯ ಕಾಯಿ ಹೊಡೆಯುವ ಮುಂಚೆ ನಿಮ್ಮ ರಾಜನನ್ನು ನೋಡಿ.

ನಮ್ಮ ಕ್ಲಬ್ಬಿನಲ್ಲಿ ಒಂದು ಭಾನುವಾರ ನಡೆದ ಆಟ ಇದು. ಬಿಳಿ ಕಾಯಿ ಹಿಡಿದವರು ಹಳೇ ಆಟಗಾರರು. ಕಪ್ಪು ಕಾಯಿ, ಆಲೂರಿನಿಂದ ಬರುವ ಪಿಯುಸಿ ಹುಡುಗಿಯದು. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಎರಡೂ ಕಡೆ ಕುದುರೆ ಬಂತು. ಬಿಳಿ ಒಂಟೆ ಸಿ 4ಕ್ಕೆ, ಅಂದರೆ ಸಿ ಸಾಲಿನ ನಾಲ್ಕನೇ ಮನೆಗೆ ಬಂತು, ಹುಡುಗಿ ಇನ್ನೊಂದು ಕುದುರೆ ಬಿಟ್ಟಳು. ಬಿಳಿ ಕುದುರೆ ಜಿ 5ಕ್ಕೆ ಹಾರಿತು. ಈಗ ಕುದುರೆ, ಒಂಟೆ ಎರಡರ ಕಣ್ಣೂ ಎಫ್ 7ರ ಕಪ್ಪು ಕಾಲಾಳಿನ ಮೇಲೆ. ಇಲ್ಲಿ ಸಾಮಾನ್ಯವಾಗಿ ಡಿ ಕಾಲಾಳು ತಳ್ಳಿ ಒಂಟೆಯ ದಾರಿ ಮುಚ್ಚುತ್ತಾರೆ. ಹುಡುಗಿ ಮುಚ್ಚಲಿಲ್ಲ! ತನ್ನ ಒಂಟೆಯನ್ನು ಸಿ 5ಕ್ಕೆ ತಂದಿಟ್ಟಳು.

ಇದೇ ಟ್ರಾಕ್ಸ್‌ಲರ್ ಪ್ರತಿದಾಳಿ. ಕಾರೆಲ್ ಟ್ರಾಕ್ಸ್‌ಲರ್ ಯುರೋಪಿನ ಬೊಹೆಮಿಯಾದ ಪಾದ್ರಿ. 1890ರಲ್ಲಿ ಕಪ್ಪು ಕಾಯಿಯಲ್ಲಿ ಇದನ್ನಾಡಿ 17 ನಡೆಗಳಲ್ಲಿ ಗೆದ್ದರು. ಮಂತ್ರಿಯನ್ನೇ ಬಿಟ್ಟುಕೊಟ್ಟು, ಕೊನೆಗೆ ಕಾಲಾಳಿನಿಂದ ಮೇಟ್ ಮಾಡಿದರು! ಆ ಆಟ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮ ಆಟಕ್ಕೆ ಬರೋಣ. ಬಿಳಿ ಕುದುರೆ ಎಫ್ 7 ಹೊಡೆದು ಮಂತ್ರಿ, ಆನೆ ಎರಡಕ್ಕೂ ಗುರಿಯಿಟ್ಟಿತು. ಹುಡುಗಿ ಮಂತ್ರಿಯನ್ನು ಸರಿಸಲಿಲ್ಲ. ಒಂಟೆಯಿಂದ ಎಫ್ 2 ಹೊಡೆದು ಚೆಕ್ ಕೊಟ್ಟಳು. ರಾಜ ಒಂಟೆಯನ್ನು ಹೊಡೆದ. ಕುದುರೆಯಿಂದ ಇ 4 ಹೊಡೆದು ಮತ್ತೆ ಚೆಕ್. ರಾಜ ಜಿ 1ಕ್ಕೆ ಹೋದ. ಮಂತ್ರಿ ಎಚ್ 4ಕ್ಕೆ ಬಂತು. ಆಗ ಬಿಳಿ ಜಿ ಕಾಲಾಳನ್ನು ಒಂದು ಮನೆ ತಳ್ಳಿದ್ದರೆ ತಕ್ಷಣದ ಮೇಟ್ ತಪ್ಪುತ್ತಿತ್ತು. ಅವರ ಕಣ್ಣೆಲ್ಲ ಮೂಲೆಯ ಆನೆ ಮೇಲೆ. ಹೊಡೆದೇಬಿಟ್ಟರು. ಮಂತ್ರಿ ಎಫ್ 2ಕ್ಕೆ, ಚೆಕ್‌ಮೇಟ್! ಎಂಟೇ ನಡೆ. ಹುಡುಗಿ ಒಂದು ಆನೆ, ಒಂದು ಒಂಟೆ, ಒಂದು ಕಾಲಾಳು ಕೊಟ್ಟಿದ್ದಳು. ಬಿಳಿ ಕಳೆದುಕೊಂಡಿದ್ದು ಎರಡೇ ಕಾಲಾಳು. ಕಾಯಿ ಜಾಸ್ತಿ ಇದ್ದು ಏನು ಪ್ರಯೋಜನ, ಅಲ್ವಾ?

ಅಪ್ಪ ಅಮ್ಮಂದಿರೇ, ಆಟ ಮುಗಿಸಿ ಬಂದ ಮಗುವನ್ನು "ಎಷ್ಟು ಕಾಯಿ ಹೊಡೆದೆ" ಅಂತ ಕೇಳುವುದನ್ನು ದಯವಿಟ್ಟು ಬಿಡಿ. ಎಷ್ಟು ಸಲ ಹೇಳುವುದು! ರಾಜ ಎಲ್ಲಿದ್ದ ಅಂತ ಕೇಳಿ. ಹೊಡೆಯುವ ಮುಂಚೆ ರಾಜನನ್ನು ನೋಡಲಿ.

ಕ್ಯಾಸಲಿಂಗ್, ಅಂದರೆ ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಕಾಪಾಡುವುದರ ಬಗ್ಗೆ ಹೇಳಬೇಕಿತ್ತು, ಸಮಯ ಆಗುತ್ತಾ ಬಂತು. ಬೇಗ ಮಾಡಿಕೊಳ್ಳಿ, ಅಷ್ಟೇ. ಇನ್ನು ಬಿಳಿ ಕಾಯಿಯಲ್ಲಿ ಆಡುವವರು ಐದನೇ ನಡೆಯಲ್ಲಿ ಎಫ್ 7 ಅನ್ನು ಕುದುರೆ ಬದಲು ಒಂಟೆಯಿಂದ ಹೊಡೆಯಿರಿ. ಅದು ಚೆಕ್. ಕಪ್ಪು ರಾಜ ಕದಲಲೇಬೇಕು, ಆಮೇಲೆ ಕ್ಯಾಸಲಿಂಗ್ ಮಾಡುವಂತಿಲ್ಲ. ನಮಸ್ಕಾರ.