ದೂಳನ್ನು ನಾಜಲಿನ ಬಾಯಲ್ಲೇ ತಡೆಯುವುದು

(ಕಾರವಾರದಲ್ಲಿ ನಿರ್ವಹಣಾ ಸಿಬ್ಬಂದಿ ಮತ್ತು ಐಟಿಐ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)

ಸಭಿಕರೆಲ್ಲರಿಗೂ ನಮಸ್ಕಾರ.

ನಮ್ಮ ಕಾಳಿ ನದಿ ಕಾರವಾರದ ಅಳಿವೆಯನ್ನು ಸೇರುವ ಮೊದಲು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಮೇಲಿಂದ ಕೆಳಗೆ ನಾಲ್ಕು ಕಡೆ ವಿದ್ಯುತ್ ಕೊಟ್ಟು ಬರುತ್ತದೆ. ದಕ್ಷಿಣದಲ್ಲಿ ಶರಾವತಿಗೆ ಗೇರುಸೊಪ್ಪದ ವಿದ್ಯುದಾಗಾರವಿದೆ. ಇಂಥ ಸ್ಥಾವರಗಳಲ್ಲಿ ಟರ್ಬೈನಿಗೆ ನೀರು ತರುವ ಪೆನ್‌ಸ್ಟಾಕ್ ಕೊಳವೆ, ಅಣೆಕಟ್ಟಿನ ನೀರು ತಡೆಯುವ ರೇಡಿಯಲ್ ಗೇಟು, ಟರ್ಬೈನಿನಿಂದ ನೀರು ಹೊರಹೋಗುವ ಡ್ರಾಫ್ಟ್ ಟ್ಯೂಬು, ಟ್ರಾನ್ಸ್‌ಫಾರ್ಮರಿನ ರೇಡಿಯೇಟರುಗಳೆಲ್ಲ ಉಕ್ಕಿನವು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಅವುಗಳ ತುಕ್ಕನ್ನು ಬುಡಸಮೇತ ತೆಗೆಯದೆ ಬಣ್ಣ ಬಳಿಯುವುದು ಒದ್ದೆ ಗೋಡೆಗೆ ಸುಣ್ಣ ಹೊಡೆದಂತೆ.

ಆ ತುಕ್ಕನ್ನು ತೆಗೆಯಲು ನಾವು ಬಹುಕಾಲ ನೆಚ್ಚಿಕೊಂಡಿದ್ದು ಮರಳನ್ನು. ಅದನ್ನು ನಾಜಲಿನಿಂದ, ಅಂದರೆ ಹೋಸಿನ ತುದಿಯ ಕಿರಿದಾದ ಬಾಯಿಂದ, ಗಾಳಿಯ ಒತ್ತಡದಲ್ಲಿ ಉಕ್ಕಿಗೆ ಚಿಮ್ಮಿಸುವುದೇ ಬ್ಲಾಸ್ಟಿಂಗ್. ಸುಮಾರು 7 ಬಾರ್ ಒತ್ತಡದ ಗಾಳಿಯಲ್ಲಿ ಉಕ್ಕಿಗೆ ಬಡಿದ ಮರಳಿನ ಕಣ ಒಡೆದು ಪುಡಿಯಾಗುತ್ತದೆ. ಕಣ್ಣಿಗೆ ಕಾಣುವ ಪುಡಿ ಮೂಗು, ಗಂಟಲಿನಲ್ಲೇ ನಿಲ್ಲುತ್ತದೆ. ಕಾಣದ, ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ, ಅಂದರೆ ಮರಳಿನ ಮುಖ್ಯ ಖನಿಜ, ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲೇ ಅದು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿನಲ್ಲಿತ್ತು. ಹಳೆಯ ಗೇಟುಗಳ ಅಡಿಬಣ್ಣ ಸೀಸದ ಸಿಂಧೂರವಾಗಿದ್ದರೆ ದೂಳಿನ ಜೊತೆ ಸೀಸವೂ ಒಳಗೆ ಹೋಗುತ್ತದೆ.

ದೂಳು ಮನುಷ್ಯನನ್ನಷ್ಟೇ ಕೆಡಿಸುವುದಿಲ್ಲ ಎಂಬುದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಒಂದು ವಿದ್ಯುದಾಗಾರದೊಳಗೇ ಟಾರ್ಪಾಲಿನ್ ಕಟ್ಟಿ ಗೇಟಿನ ಭಾಗವೊಂದಕ್ಕೆ ಬ್ಲಾಸ್ಟಿಂಗ್ ಮಾಡಿಸಿದೆವು. ಕೆಲವೇ ದಿನಗಳಲ್ಲಿ ಪಕ್ಕದ ಪಂಪಿನ ಬೇರಿಂಗ್ ಕಾಯತೊಡಗಿತು. ಬಿಚ್ಚಿದಾಗ ಬೇರಿಂಗಿನ ಒಳಪದರವಾದ ವೈಟ್ ಮೆಟಲ್ ಎಂಬ ಮೆದು ಲೋಹದ ಮೇಲೆ ಉದ್ದುದ್ದಕ್ಕೆ ಗೀರುಗಳಿದ್ದವು. ಉಗುರು ಆಡಿಸಿದರೆ ಸಿಗುವಷ್ಟು ಆಳ. ಎಣ್ಣೆಯ ತಳದಲ್ಲಿ ಕುಳಿತಿದ್ದ ಗಸಿಯನ್ನು ಬೆರಳಲ್ಲಿ ತಿಕ್ಕಿದರೆ ಗರಗರ ಎನ್ನುತ್ತಿತ್ತು. ಕೆಲಸ ಮಾಡಿಸಿದವನು ನಾನೇ ಆದ್ದರಿಂದ ಬೇರೆಯವರನ್ನು ದೂರುವಂತೆಯೂ ಇರಲಿಲ್ಲ.

ಮುಖವಾಡ, ಹೊರಗಿನಿಂದ ಶುದ್ಧಗಾಳಿ ಬರುವ ಹೆಲ್ಮೆಟ್ಟು ಬೇಕೇ ಬೇಕು. ಆದರೆ ಅವು ಹುಟ್ಟಿದ ದೂಳಿನಿಂದ ಒಬ್ಬನನ್ನು ಕಾಯುತ್ತವೆಯೇ ಹೊರತು ಬೇರಿಂಗನ್ನಾಗಲಿ, ಹೋಸ್ ಹಿಡಿದು ಹಿಂದೆ ನಿಂತ ಹುಡುಗನನ್ನಾಗಲಿ ಕಾಯುವುದಿಲ್ಲ. ದೂಳನ್ನು ತಡೆಯಬೇಕಾದದ್ದು ನಾಜಲಿನಲ್ಲಿ. ಮರಳಿನ ಬದಲು ಗಾರ್ನೆಟ್ ಎಂಬ ಗಟ್ಟಿ ಖನಿಜ ಬಳಸಿದರೆ ಮುಕ್ತ ಸಿಲಿಕಾ ತೀರಾ ಕಡಿಮೆ, ಕಣವೂ ಸುಲಭಕ್ಕೆ ಒಡೆಯದು. ಸ್ಪಂಜ್ ಬ್ಲಾಸ್ಟಿಂಗ್‌ನಲ್ಲಿ ಪಾಲಿಯುರೆಥೇನ್ ಸ್ಪಂಜಿನ ತುಣುಕುಗಳೊಳಗೆ ಉಜ್ಜುಕಣ ಹುದುಗಿರುತ್ತದೆ. ತುಣುಕು ಉಕ್ಕಿಗೆ ಬಡಿದು ಚಪ್ಪಟೆಯಾದಾಗ ಕಣ ಕೊರೆಯುತ್ತದೆ, ಮತ್ತೆ ಉಬ್ಬುವಾಗ ಸ್ಪಂಜು ಎದ್ದ ದೂಳಿನ ಬಹುಪಾಲನ್ನು ಹಿಡಿದುಕೊಳ್ಳುತ್ತದೆ. ದುಬಾರಿ ನಿಜ, ಆದರೆ ಜರಡಿ ಹಿಡಿದು ಹಲವು ಸಲ ಬಳಸಬಹುದು. ಚಾಲೂ ಯಂತ್ರಗಳ ನಡುವೆ ನನ್ನ ಆಯ್ಕೆ ಇದೇ. ದೂಳನ್ನು ಅಲ್ಲಲ್ಲೇ ಹೀರಿಕೊಳ್ಳುವ ವ್ಯಾಕ್ಯೂಮ್ ಬ್ಲಾಸ್ಟಿಂಗ್ ಸಪಾಟು ತಗಡಿಗೆ ಚೆನ್ನ. ರಿವೆಟ್ಟಿನ ತಲೆ, ಮೂಲೆಗಳಲ್ಲಿ ಸೋಲುತ್ತದೆ. ಡ್ರೈ ಐಸ್ ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್. ಬಡಿದೊಡನೆ ಅನಿಲವಾಗುವುದರಿಂದ ಕಸ ಉಳಿಯದು, ಆದರೆ ಉಕ್ಕಿನಲ್ಲಿ ಬಣ್ಣ ಕಚ್ಚಿಕೊಳ್ಳುವ ಒರಟುತನವನ್ನೂ ಮೂಡಿಸದು. ಅದನ್ನು ಡ್ರಾಫ್ಟ್ ಟ್ಯೂಬಿನಂಥ ಇಕ್ಕಟ್ಟಿನಲ್ಲಿ ಬಳಸಿದರೆ ಗಾಳಿಗಿಂತ ಭಾರವಾದ ಆ ಅನಿಲ ಕೆಳಗೆ ತುಂಬಿ ಉಸಿರು ಕಟ್ಟೀತು.

ಕರಾವಳಿಯವರಾದ ನಾವು ಹೆಚ್ಚು ಯೋಚಿಸಬೇಕಾದದ್ದು ನೀರು ಬೆರೆಸಿ ಮಾಡುವ ಬ್ಲಾಸ್ಟಿಂಗ್ ಬಗ್ಗೆ. ಸಮುದ್ರದ ಗಾಳಿ ತಂದ ಉಪ್ಪು ತುಕ್ಕಿನ ಗುಳಿಗಳ ತಳದಲ್ಲಿ ಅಡಗಿರುತ್ತದೆ. ಒಣ ಬ್ಲಾಸ್ಟಿಂಗ್ ಆದ ಉಕ್ಕು ಸಾ ಎರಡೂವರೆ (Sa 2½) ಎಂಬ ಶುದ್ಧತೆಯ ದರ್ಜೆಗೆ ಹೊಳೆಯುತ್ತಿದ್ದರೂ ಉಪ್ಪು ಅಲ್ಲೇ ಉಳಿದು, ಮುಂದೆ ಬಣ್ಣದಡಿ ನೀರನ್ನೆಳೆದು ಗುಳ್ಳೆ ಏಳಿಸುತ್ತದೆ. ಸಿಹಿನೀರು ಬೆರೆತರೆ ದೂಳು ಕೆಳಗಿಳಿಯುತ್ತದೆ, ಉಪ್ಪೂ ಕರಗಿ ಹರಿಯುತ್ತದೆ. ತೊಡಕೆಂದರೆ, ಒದ್ದೆ ಉಕ್ಕು ಕಣ್ಣೆದುರೇ ಕೆಂಪಾಗತೊಡಗುತ್ತದೆ. ಇಲ್ಲಿಯ ತೇವದಲ್ಲಿ ಒಣಗಿಸುವುದೂ ಸುಲಭವಲ್ಲ: ಗಾಳಿ 30 ಡಿಗ್ರಿ, ಆರ್ದ್ರತೆ ಶೇಕಡಾ 85 ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆ, ಸುಮಾರು 27 ಡಿಗ್ರಿ; ಬಣ್ಣ ಬಳಿಯುವಾಗ ಉಕ್ಕು ಅದಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿಯಿರಬೇಕು. ನೆರಳಿನಲ್ಲಿರುವ ಗೇಟು ಬೆಳಿಗ್ಗೆ ಅಷ್ಟು ಕಾದಿರುವುದಿಲ್ಲ. ಹಾಗಾಗಿ ಒಣ ಬಿಸಿಗಾಳಿಯ ವ್ಯವಸ್ಥೆಯಿಲ್ಲದೆ ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ.

ಟೆಂಡರಿನಲ್ಲಿ ನಾವು ಹೊಳಪಿನ ದರ್ಜೆಯನ್ನು ಬರೆಯುತ್ತೇವೆ. ಉಳಿಯಬಹುದಾದ ಉಪ್ಪಿನ ಮಿತಿಯನ್ನು, ದೂಳಿನ ಪರೀಕ್ಷೆಯನ್ನು ಬರೆಯುವುದಿಲ್ಲ. ಬರೆಯದ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡುವುದಿಲ್ಲ.

ಈ ಮೇಜಿನ ಮೇಲೆ ಎರಡು ಉಕ್ಕಿನ ತಗಡುಗಳಿವೆ, ನೋಡಲು ಒಂದೇ ತರ. ಎರಡಕ್ಕೂ ಪಾರದರ್ಶಕ ಟೇಪ್ ಒತ್ತಿ, ಕಿತ್ತು, ಬಿಳಿ ಕಾಗದದ ಮೇಲೆ ಅಂಟಿಸಿ. ಯಾವುದಕ್ಕೆ ಬಣ್ಣ ಬಳಿಯಬಹುದೆಂದು ನೀವೇ ಹೇಳಿ; ವಿದ್ಯಾರ್ಥಿಗಳು ಮೊದಲು ಬನ್ನಿ.