ಕೆಮ್ಮಿನ ಔಷಧಿ ಬಾಟಲಿಯಲ್ಲಿ ಏಳು ಹೂವು

ಬೆಳಿಗ್ಗೆ ಏಳೂವರೆ. ಹುಲ್ಲಿನ ಮೇಲೆ ರಾತ್ರಿಯ ಹಿಮ ಇನ್ನೂ ಬೆಳ್ಳಗೆ ಕೂತಿದೆ. ವಿಡಿಯೊ ಅಲ್ಲಾಡ್ತಿರೋದು ನನ್ನ ಕೈ ನಡುಗ್ತಿರೋದಕ್ಕೆ. ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಅಂತಿದ್ದೆ, ಆಮೇಲೆ ಚಳಿ ಎಷ್ಟಿತ್ತು ಅಂತ ನಿಮಗೂ ಗೊತ್ತಾಗ್ಲಿ ಅಂತ ಹಾಗೇ ಬಿಟ್ಟೆ.

ದೂರದಿಂದ ನೋಡಿದ್ರೆ ಈ ತೋಟದಲ್ಲಿ ಏನೂ ಇಲ್ಲ. ಬೋಳು ಗಿಡ, ಕೊಳೆತ ಎಲೆ, ಒದ್ದೆ ಮಣ್ಣು. ಕೂತು ಎಲೆ ಸರಿಸಿದ್ರೆ ಮಾತ್ರ... ಹಾಂ, ಇಲ್ಲಿ. ಸ್ನೋಡ್ರಾಪ್, ಚಳಿಗಾಲದ ಕೊನೆಗೆ ಅರಳೋ ಪುಟ್ಟ ಬಿಳಿ ಹೂವು. ದಂಟು ಅರ್ಧ ಗೇಣು, ಹೂವು ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ನೋಡಿ, ಈ ಗುಂಪು ಪೂರ್ತಿ ನೆಲಕ್ಕೆ ಮಲಗಿಬಿಟ್ಟಿದೆ. ಸತ್ತಿಲ್ಲ. ಹಿಮ ಬಿದ್ದ ರಾತ್ರಿ ಹೀಗೇ ಮಲಗುತ್ತೆ, ಹಿಮ ಕರಗಿದ ಮೇಲೆ ತಾನಾಗೇ ಎದ್ದು ನಿಲ್ಲುತ್ತೆ. ಅದಕ್ಕೆ ಈಗ ಕೀಳಲ್ಲ. ಒಳಗೆ ಹೋಗಿ ಕಾಫಿ ಕುಡಿದು ಬರ್ತೀನಿ.

ಹತ್ತು ಗಂಟೆ. ಎದ್ದಿವೆ!

ಈ ಹೂವಿನ ಒಂದು ತೊಂದರೆ ಏನಂದ್ರೆ, ತಲೆ ಎತ್ತಲ್ಲ. ಮುಖ ಯಾವಾಗ್ಲೂ ನೆಲದ ಕಡೆಗೆ. ಒಳಗೇನಿದೆ ಅಂತ ನೋಡ್ಬೇಕಾದ್ರೆ ಕೆಸರಲ್ಲಿ ಅಂಗಾತ ಮಲಗಿ ಕೆಳಗಿಂದ ನೋಡ್ಬೇಕು. ಒಂದ್ಸಲ ಮಲಗಿದ್ದೀನಿ, ಆ ಜಾಕೆಟ್ ಕಲೆ ಇವತ್ತಿಗೂ ಹೋಗಿಲ್ಲ. ಹೂವನ್ನ ಮನೆ ಒಳಗೆ ತರೋ ಆಸೆ ಶುರುವಾಗಿದ್ದೇ ಅಲ್ಲಿಂದ. ಅದನ್ನ ಕಣ್ಣಿನ ಮಟ್ಟಕ್ಕೆ ಎತ್ತಿಡ್ಬೇಕು, ನನಗೆ ಬೇಕಿರೋದು ಅಷ್ಟೇ.

ಕೀಳುವಾಗ ದಂಟನ್ನ ಬುಡದವರೆಗೂ ಬೆರಳು ಇಳಿಸಿ ಹಿಡ್ಕೊಂಡು ನಿಧಾನಕ್ಕೆ ಎಳೀತೀನಿ. ಎಲೆ ಮುಟ್ಟಲ್ಲ. ಮುಂದಿನ ವರ್ಷದ ಹೂವಿಗೆ ಗೆಡ್ಡೆ ಊಟ ಕೂಡಿಡೋದು ಈ ಎಲೆಯಿಂದಲೇ. ಒಂದೊಂದು ಗುಂಪಿಂದ ಒಂದೋ ಎರಡೋ, ಒಟ್ಟು ಏಳು. ಕ್ರೋಕಸ್ ಅನ್ನೋ ಇನ್ನೊಂದು ಪುಟ್ಟ ಗೆಡ್ಡೆ ಹೂವು ಎರಡು. ಆಮೇಲೆ ಗೋಡೆ ಪಕ್ಕದಿಂದ ಹೆಲೆಬೋರ್ ಅನ್ನೋ ಚಳಿಗಾಲದ ಹೂವು ಮೂರು, ಅದರ ರಸ ಚರ್ಮಕ್ಕೆ ತುರಿಕೆ ತರುತ್ತೆ, ಗ್ಲೌಸ್ ಹಾಕ್ಕೊಂಡೇ ಕತ್ತರಿಸೋದು.

ಈಗ ಅಡುಗೆಮನೆ ಮೇಜು. ಹೋದ ವರ್ಷ ನಾನು ಮಾಡಿದ ದಡ್ಡತನ ಹೇಳ್ತೀನಿ. ಮನೇಲಿದ್ದ ಚೆಂದದ ದೊಡ್ಡ ಗಾಜಿನ ಹೂದಾನಿ ತೆಗೆದು, ಇಷ್ಟೇ ಹೂವನ್ನ ಅದಕ್ಕೆ ಹಾಕಿದೆ. ಬಾವಿಗೆ ಬಿದ್ದ ಹಾಗೆ ಒಳಗೆ ಹೋದ್ವು. ತುಂಬಿಸ್ಬೇಕು ಅಂತ ಮತ್ತೆ ಹೊರಗೆ ಹೋಗಿ ಇನ್ನಷ್ಟು ಕಿತ್ಕೊಂಡು ಬಂದೆ. ತೋಟ ಬರಿದಾಯ್ತು, ಹೂದಾನಿ ಮಾತ್ರ ತುಂಬಲಿಲ್ಲ.

ಈ ಸಲ ಇದು. ಖಾಲಿಯಾದ ಕೆಮ್ಮಿನ ಔಷಧಿ ಬಾಟಲಿ. ಚಳಿಗಾಲ ಪೂರ್ತಿ ನಾನು ಕುಡಿದಿರೋದು, ಮನೇಲಿ ಇಂಥವು ನಾಲ್ಕಿವೆ. ಲೇಬಲ್ ಹೋಗೋಕೆ ಬಿಸಿನೀರಲ್ಲಿ ರಾತ್ರಿ ನೆನೆಸಿಟ್ಟಿದ್ದೆ. ಇದರ ಕುತ್ತಿಗೆ ನೋಡಿ, ಎಷ್ಟು ಕಿರಿದು! ಸಣ್ಣ ದಂಟಿಗೆ ಬೇಕಿರೋದೇ ಇದು. ಬಾಯಿ ಅಗಲ ಇದ್ರೆ ದಂಟುಗಳೆಲ್ಲ ಅಂಚಿಗೆ ಒರಗಿ ನಡುವೆ ಗುಂಡಿ ಬೀಳುತ್ತೆ. ನೀರು ತಣ್ಣಗಿರ್ಲಿ, ಎರಡು ಬೆರಳಿನಷ್ಟು ಸಾಕು. ಗೆಡ್ಡೆ ಹೂವಿನ ಮೆತ್ತನೆ ದಂಟು ಕಂಠಪೂರ್ತಿ ನೀರಲ್ಲಿದ್ರೆ ಬೇಗ ಕೊಳೆಯುತ್ತೆ.

ಜೋಡಿಸೋದು ಅಂತ ಏನೂ ಇಲ್ಲ ಇದರಲ್ಲಿ. ಎಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸ್ಬೇಡಿ, ಅದು ಬ್ರಷ್ ಥರ ಕಾಣುತ್ತೆ. ಮೂರು ಉದ್ದ, ಎರಡು ಅದಕ್ಕಿಂತ ಗಿಡ್ಡ, ಉಳಿದೆರಡು ಬಾಟಲಿ ಅಂಚಿನಿಂದ ಹೊರಗೆ ಬಗ್ಗಿರ್ಲಿ. ಅಷ್ಟೇ. ಕ್ರೋಕಸ್‌ಗೆ ಬೇರೆ ಬಾಟಲಿ.

ಹೆಲೆಬೋರ್ ಕಥೆ ಸ್ವಲ್ಪ ಉದ್ದ. ತೋಟದಲ್ಲಿ ವಾರಗಟ್ಟಲೆ ಇರೋ ಹೂವು, ಕಿತ್ತು ತಂದ್ರೆ ಮಾರನೇ ದಿನ ಒದ್ದೆ ಬಟ್ಟೆ ಥರ ಜೋತು ಬೀಳುತ್ತೆ. ಎರಡು ವರ್ಷ ನೀರಿನ ತಪ್ಪು ಅಂದ್ಕೊಂಡಿದ್ದೆ. ತಪ್ಪು ನನ್ನದು, ಎಳೇ ಹೂವು ಕೀಳ್ತಿದ್ದೆ. ನಡುವಿನ ಕೇಸರಗಳು ಉದುರಿ, ಬೀಜದ ಕಾಯಿ ಉಬ್ಬೋಕೆ ಶುರುವಾದ ಮೇಲೆ ಕಿತ್ರೆ ದಂಟು ಗಟ್ಟಿಯಾಗಿರುತ್ತೆ, ಎಷ್ಟೋ ದಿನ ನಿಲ್ಲುತ್ತೆ. ಕಾಯಿ ಕಟ್ಟಿದ ಮೇಲೂ ಅದು ಹೂವಿನ ಹಾಗೇ ಕಾಣೋದಕ್ಕೆ ಕಾರಣ ಇದೆ. ನಾವು ದಳ ಅಂದ್ಕೊಳ್ಳೋದು ನಿಜವಾಗಿ ಪುಷ್ಪಪತ್ರ, ಮೊಗ್ಗನ್ನ ಸುತ್ತಿಕೊಂಡಿರುತ್ತಲ್ಲ, ಅದು. ನಿಜವಾದ ದಳಗಳು ನಡುವೆ ಪುಟ್ಟ ಪುಟ್ಟ ಹಸಿರು ಕೊಳವೆ ಆಗಿ, ಮಕರಂದ ಇಟ್ಕೊಂಡು ಕೂತಿರುತ್ತವೆ. ಝೂಮ್ ಮಾಡ್ತೀನಿ... ಕಾಣ್ತಾ? ಇವತ್ತು ತಂದಿದ್ರಲ್ಲಿ ಒಂದು ಇನ್ನೂ ಎಳೇದು, ಆಸೆ ತಡೀಲಿಲ್ಲ. ಅದರ ತಲೆ ಮಾತ್ರ ಕತ್ತರಿಸಿ ಬಟ್ಟಲಿನ ನೀರಲ್ಲಿ ತೇಲಿಬಿಟ್ಟಿದ್ದೀನಿ. ದಂಟೇ ಇಲ್ಲ ಅಂದ್ಮೇಲೆ ಜೋತು ಬೀಳೋದು ಎಲ್ಲಿಂದ?

ಈಗ ಬಾಟಲಿ ಎಲ್ಲಿಡೋದು. ಹೀಟರ್ ಹತ್ರ ಬೇಡ. ಹಣ್ಣಿನ ಬುಟ್ಟಿ ಪಕ್ಕನೂ ಬೇಡ, ಮಾಗ್ತಿರೋ ಹಣ್ಣು ಬಿಡೋ ಎಥಿಲೀನ್ ಅನಿಲಕ್ಕೆ ಎಷ್ಟೋ ಹೂವು ಬೇಗ ಮುದುಡುತ್ತೆ. ಬೆಕ್ಕು ಹತ್ತೋ ಜಾಗ ಅಂತೂ ಬೇಡವೇ ಬೇಡ, ಮೇಜಿನ ಮೇಲಿರೋ ಈ ಮೂರೂ ಜಾತಿ ಹೊಟ್ಟೆಗೆ ಹೋದ್ರೆ ವಿಷ. ಸ್ನೋಡ್ರಾಪ್‌ನಲ್ಲಿರೋ ಗ್ಯಾಲಂಟಮೈನ್ ಅನ್ನೋ ವಸ್ತು ಮರೆವು ತರೋ ಆಲ್ಜೈಮರ್ ಕಾಯಿಲೆಗೆ ಔಷಧಿ ಆಗಿದೆ ಅನ್ನೋದೂ ನಿಜ. ನನ್ನ ಬಾಟಲಿಗೆ ಔಷಧಿ ಬಿಟ್ಟು ಬೇರೆ ಯೋಗ ಇಲ್ಲ ಅನ್ಸುತ್ತೆ!

ಪುಸ್ತಕದ ಕಪಾಟು, ಮೇಲಿನಿಂದ ಎರಡನೇ ಅರೆ. ನಾನು ಕುರ್ಚಿ ಮೇಲೆ ಕೂತ್ರೆ ಹೂವು ನನ್ನ ಹಣೆಗಿಂತ ಸ್ವಲ್ಪ ಮೇಲೆ. ಈಗ ಹತ್ತು ನಿಮಿಷ ಸುಮ್ನೆ ಕಾಯ್ಬೇಕು, ನಾನು ಮಾತಾಡಲ್ಲ, ನೀವು ನೋಡಿ.

...ಹೊರಗೆ ಹನಿ ಥರ ಮುಚ್ಚಿಕೊಂಡಿತ್ತಲ್ಲ, ಕೋಣೆಯ ಬಿಸಿಗೆ ಹೊರಗಿನ ಮೂರು ಎಸಳು ಛತ್ರಿ ಬಿಚ್ಚಿದ ಹಾಗೆ ಬಿಚ್ಚಿವೆ. ಒಳಗೆ ಇನ್ನೂ ಮೂರು, ಗಿಡ್ಡವು. ಒಂದೊಂದರ ತುದಿಯಲ್ಲೂ ಹಸಿರು ಗುರುತು, ಯಾರೋ ಸಣ್ಣ ಕುಂಚದಲ್ಲಿ ಎಳೆದ ಹಾಗೆ. ಹತ್ರ ಹೋದ್ರೆ ಜೇನಿನ ವಾಸನೆ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನ ಗ್ಯಾಲಂಥಸ್ ನಿವಾಲಿಸ್ ಅಂತ ದಾಖಲಿಸಿದ. ಗ್ರೀಕ್‌ನಲ್ಲಿ ಗಾಲಾ ಅಂದ್ರೆ ಹಾಲು, ಆಂಥೋಸ್ ಅಂದ್ರೆ ಹೂವು. ಹಾಲ್‌ಹೂವು. ಕನ್ನಡದಲ್ಲಿ ಹಾಗೇ ಕರೆದ್ರೂ ನಡೆಯುತ್ತೆ, ನಾನಂತೂ ಇವತ್ತಿನಿಂದ ಹಾಗೇ ಕರೀತೀನಿ.

ಕ್ರೋಕಸ್ ಇದಕ್ಕಿಂತ ಅವಸರದ್ದು, ದೀಪದ ಹತ್ರ ಇಟ್ಟಿದ್ದಕ್ಕೆ ಆಗಲೇ ತಟ್ಟೆಯಷ್ಟು ಅಗಲ ಬಾಯಿ ತೆಗೆದಿದೆ. ಬೆಚ್ಚಗಾದಾಗ ಎಸಳಿನ ಒಳಮೈ ಹೊರಮೈಗಿಂತ ಬೇಗ ಬೆಳೆಯುತ್ತೆ, ಅದಕ್ಕೆ ಹೂವು ಹೊರಕ್ಕೆ ಬಾಗುತ್ತೆ. ರಾತ್ರಿ ಹೀಟರ್ ಆರಿಸಿದ ಮೇಲೆ ಬಂದು ನೋಡಿದೆ, ಮತ್ತೆ ಮೊಗ್ಗು.

ಇದು ಐದನೇ ದಿನ. ನೀರು ದಿನಕ್ಕೊಮ್ಮೆ ಬದಲಾಯಿಸಿದ್ದೆ, ಮೂರನೇ ದಿನ ಮರೆತೆ. ಕ್ರೋಕಸ್ ಎರಡೇ ದಿನಕ್ಕೆ ಮುಗೀತು. ಹಾಲ್‌ಹೂವು ಏಳರಲ್ಲಿ ಐದು ಉಳಿದಿವೆ, ಅಂಚು ಕಾಗದದ ಥರ ತೆಳ್ಳಗಾಗಿದೆ. ಬಟ್ಟಲಲ್ಲಿ ತೇಲ್ತಿರೋ ಹೆಲೆಬೋರ್‌ಗೆ ಮಾತ್ರ ಏನೂ ಆಗಿಲ್ಲ.

ಹೊರಗೆ ಡ್ಯಾಫೊಡಿಲ್ ಮೊಗ್ಗು ಬಂದಿದೆ. ಅದರ ದಂಟಿನ ಲೋಳೆ ಬೇರೆ ಹೂವಿಗೆ ಆಗಲ್ಲ, ಕಿತ್ತ ಮೇಲೆ ಕೆಲವು ಗಂಟೆ ಬೇರೆಯಾಗೇ ನೀರಲ್ಲಿಡ್ಬೇಕು. ಬಾಟಲಿನೂ ಸ್ವಲ್ಪ ದೊಡ್ಡದು ಬೇಕು. ಕೆಮ್ಮು ಬೇರೆ ಪೂರ್ತಿ ವಾಸಿಯಾಗಿಬಿಟ್ಟಿದೆ.