ಡ್ಯಾಕ್ ಬದಲಿಸಿದರೆ ತಂಬೂರಿ ಬದಲಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಿಂತು ಕೇಳುವಿಕೆಯ ಬಗ್ಗೆ ಮಾತಾಡುವುದು ಧೈರ್ಯದ ಕೆಲಸ. ಮುಂದಿನ ಸಾಲಿನಲ್ಲಿ ಕೂತವರಲ್ಲಿ ಕೆಲವರು ಮಲ್ಲಿಕಾರ್ಜುನ ಮನ್ಸೂರರನ್ನು ಎದುರಿಗೇ ಕೂತು ಕೇಳಿದವರು. ನಾನು ಅವರನ್ನು ಕೇಳಿದ್ದೆಲ್ಲ ಸ್ಪೀಕರಿನಲ್ಲಿ.

ಸಿಡಿಯಲ್ಲಿ ಹಾಡು ಇರುವುದಿಲ್ಲ, ಅಂಕಿಗಳಿರುತ್ತವೆ. ಸೆಕೆಂಡಿಗೆ 44,100 ಸಲ, ಪ್ರತಿ ಸಲವೂ 65,536 ಮೆಟ್ಟಿಲುಗಳಲ್ಲಿ ಒಂದರ ಲೆಕ್ಕ. ಆ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡುವುದೇ ಡ್ಯಾಕ್. ನಿಮ್ಮ ಮೊಬೈಲಿನಲ್ಲೂ ಒಂದಿದೆ. ಬೇರೆ ಪೆಟ್ಟಿಗೆಯಾಗಿ ಕೊಂಡರೆ 10 ಸಾವಿರಕ್ಕೂ ಸಿಗುತ್ತದೆ, 10 ಲಕ್ಷ ದಾಟಿದವೂ ಇವೆ.

ಒಳಗಿನ ಕೆಲಸದಲ್ಲಿ ಮುಖ್ಯವಾಗಿ ಎರಡು ದಾರಿ. ಸಂತೆಯ ತಕ್ಕಡಿ ನೆನಪಿಸಿಕೊಳ್ಳಿ. ಒಂದು ಕಿಲೋ, ಅರ್ಧ ಕಿಲೋ, ಪಾವು ಕಿಲೋ, ಹೀಗೆ ಪ್ರತಿ ಕಲ್ಲೂ ಹಿಂದಿನದರ ಅರ್ಧ. ಬೇಕಾದ ಕಲ್ಲು ಹಾಕಿ ತೂಕ ಹೊಂದಿಸುವುದು ಲ್ಯಾಡರ್ ಡ್ಯಾಕ್. ಡೆನಾಫ್ರಿಪ್ಸ್, ಹೋಲೋ ಕಂಪನಿಗಳದು ಈ ದಾರಿ. ಇದರ ತೊಂದರೆ ದೊಡ್ಡ ಕಲ್ಲಿನದು. ಅದು 32,768ರಲ್ಲಿ ಒಂದು ಪಾಲು ತಪ್ಪಿದರೂ ಅತಿ ಚಿಕ್ಕ ಕಲ್ಲಿಗೆ ಅರ್ಥ ಉಳಿಯುವುದಿಲ್ಲ. ಇನ್ನೊಂದು ದಾರಿ ಡೆಲ್ಟಾ-ಸಿಗ್ಮಾ. ಕೆಲವೇ ಕಲ್ಲುಗಳನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಾಕಿ, ತೆಗೆದು, ಸರಾಸರಿಯಲ್ಲಿ ತೂಕ ತೋರಿಸುವುದು. ಇಎಸ್‌ಎಸ್, ಎಕೆಎಂ ಚಿಪ್‌ಗಳು ಹೀಗೆ. 2020ರ ಅಕ್ಟೋಬರಿನಲ್ಲಿ ಜಪಾನಿನ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಷ್ಟೋ ಕಂಪನಿಗಳು ಚಿಪ್ಪೇ ಬದಲಿಸಬೇಕಾಯಿತು.

ಈಗ ನನ್ನ ಕತೆ. ಗೆಳೆಯನಿಂದ ಎರಡೂವರೆ ಲಕ್ಷದ ಲ್ಯಾಡರ್ ಡ್ಯಾಕ್ ಕಡ ತಂದೆ. ಪಕ್ಕದಲ್ಲಿ ನನ್ನ 18 ಸಾವಿರದ್ದು. ಗಂಗೂಬಾಯಿ ಹಾನಗಲ್ಲರ ಹಾಡು ಹಚ್ಚಿದೆ. ತಂಬೂರಿಯ ಜವಾರಿ ಕೇಳಿ ಎದ್ದು ನಿಂತೆ! ಜವಾರಿ ಅಂದರೆ ಬದನೆಕಾಯಿ ಅಲ್ಲ, ತಂತಿಯ ಕೆಳಗಿನ ಆ ದಾರ ಕೂದಲಷ್ಟು ಸರಿದಾಗ ತೆರೆದುಕೊಳ್ಳುವ ನಾದ. ದುಬಾರಿ ಪೆಟ್ಟಿಗೆಯಲ್ಲಿ ಅದು ಕೋಣೆ ತುಂಬಿತ್ತು. ಮನಸ್ಸಿನಲ್ಲೇ ಸಾಲದ ಲೆಕ್ಕವೂ ಶುರುವಾಗಿತ್ತು.

ಅಳಿಯ ಹುಡುಗ ಬಾಗಿಲಲ್ಲಿ ನಿಂತಿದ್ದ. "ಮಾಮಾ, ಎರಡರದೂ ಆವಾಜು ಒಂದ ಅಳತಿ ಐತೇನು, ನೋಡೀರೇನು?" ಅಂದ.

ನೋಡಿರಲಿಲ್ಲ. 100 ಹರ್ಟ್ಸ್ ಸ್ವರ ನುಡಿಸಿ, ಸ್ಪೀಕರಿನ ತಂತಿಗೆ ಮಲ್ಟಿಮೀಟರ್ ಹಿಡಿದ. ಸಾಮಾನ್ಯ ಮೀಟರ್ ಮೇಲಿನ ಸ್ವರಗಳಲ್ಲಿ ಸುಳ್ಳು ಹೇಳುತ್ತದೆ, ಅದಕ್ಕೆ 100. ನನ್ನ ಡ್ಯಾಕ್ 2 ವೋಲ್ಟಿನದು, ದುಬಾರಿಯದು 2.5. ಅಂದರೆ ಸುಮಾರು 2 ಡೆಸಿಬೆಲ್ ಜೋರು. ಇಷ್ಟು ವ್ಯತ್ಯಾಸ ಎಷ್ಟೋ ಸಲ ಕಿವಿಗೆ ಜೋರು ಅಂತ ಅನಿಸುವುದಿಲ್ಲ, ಚೆಂದ ಅಂತ ಅನಿಸುತ್ತದೆ. ಮೋಸ ಇರುವುದೇ ಇಲ್ಲಿ. ಸರಿ ಮಾಡಿ, ನನಗೆ ಬೆನ್ನು ತಿರುಗಿಸಿ ಕೂರಿಸಿ, ಹತ್ತು ಸಲ ಬದಲಿಸಿದ. ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಹಾಗಂತ ಎಲ್ಲ ಡ್ಯಾಕ್ ಒಂದೇ ಅನ್ನುವವನಲ್ಲ ನಾನು. ಕೆಲವು ಲ್ಯಾಡರ್ ಡ್ಯಾಕ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ನುಣುಪು ಮಾಡುವ ಫಿಲ್ಟರ್ ಬಿಟ್ಟು ನುಡಿಸುವ ಆಯ್ಕೆ ಇದೆ. ಆಗ ಸಿಡಿ ನುಡಿಸಿದರೆ 20 ಸಾವಿರ ಹರ್ಟ್ಸ್ ಹತ್ತಿರ 3 ಡೆಸಿಬೆಲ್ ಇಳಿಯುತ್ತದೆ. 'ಮೃದು, ಬೆಚ್ಚಗೆ' ಅಂತ ಹೊಗಳುವುದು ಅದನ್ನೇ ಇರಬಹುದು. ನನ್ನ ವಯಸ್ಸಿನ ಕಿವಿಗೆ ಆ ಎತ್ತರದ ಸ್ವರ ಹೇಗೂ ತಲುಪುವುದಿಲ್ಲ ಬಿಡಿ. ಇನ್ನು ಒಳ್ಳೆಯ ಡ್ಯಾಕಿನ ಮೌನ, ಅಂದರೆ ಅದರ ಸ್ವಂತ ಸದ್ದು, ಅತಿ ಜೋರು ಸ್ವರಕ್ಕಿಂತ 120 ಡೆಸಿಬೆಲ್ ಕೆಳಗಿರುತ್ತದೆ. ಸರಿ, ಆದರೆ ನಾವು ಕೇಳುವುದು ಹಳೆಯ ಟೇಪು. ಅದರ ಸುಯ್ ಅನ್ನುವ ಸದ್ದು 60-70 ಡೆಸಿಬೆಲ್ ಕೆಳಗೇ ಕೂತಿರುತ್ತದೆ. ಆ ಸದ್ದಿನಡಿಯ ಮೌನ ಯಾರಿಗೆ ಕೇಳಬೇಕು?

ನನಗೆ ನಿಜವಾಗಿ ಕೇಳಿದ ವ್ಯತ್ಯಾಸ ಬೇರೆ. ಲ್ಯಾಪ್‌ಟಾಪಿನ ಚಾರ್ಜರ್ ಹಚ್ಚಿದ ಕೂಡಲೇ ಗುಂಯ್ ಅಂತ 50 ಹರ್ಟ್ಸಿನ ಹಮ್. ಗಾಯಕಿಯ ಷಡ್ಜಕ್ಕೆ ಹೊಂದದ ಮೂರನೇ ತಂಬೂರಿ ಅದು! ಚಾರ್ಜರ್ ತೆಗೆದರೆ ಮಾಯ. ಅರ್ಥಿಂಗ್ ನೋಡದೆ ಡ್ಯಾಕ್ ಬದಲಿಸುವುದು ಸುಮ್ನೆ ದುಡ್ಡು ದಂಡ. ಕೋಣೆಯ ಬರಿಗೋಡೆಗೆ ಹೆಂಡತಿ ನವಲಗುಂದದ ಜಮಖಾನೆ ತೂಗುಹಾಕಿದಳು, ಚೆಂದಕ್ಕೆ ಅಂತ. ಅವತ್ತಿನಿಂದ ತಬಲಾದ ಅಂಚಿನ ಕಿನಾರ್ ಹೊಡೆತ ಗೋಡೆಗೆ ಬಡಿದು ಹಿಂದಿರುಗುವುದು ಕಡಿಮೆಯಾಯಿತು. ಎಡಗೈಯ ಬಾಯಾಂಗೆ ಅದರಿಂದ ಏನೂ ಆಗಲಿಲ್ಲ, ಅಷ್ಟು ತೆಳುವಾದ ಬಟ್ಟೆ ಕೆಳಸ್ವರಗಳನ್ನು ಹಿಡಿಯುವುದಿಲ್ಲ.

ದುಬಾರಿ ಡ್ಯಾಕ್ ಕೊಳ್ಳಬೇಡಿ ಅನ್ನುವುದಿಲ್ಲ. ಕಟ್ಟಿದ ರೀತಿ, ತಿರುಗಿಸುವ ಗುಂಡಿಯ ಭಾರ, ಹೆಡ್‌ಫೋನಿಗೆ ಬೇಕಾದ ಶಕ್ತಿ, ಇವೆಲ್ಲಕ್ಕೆ ಬೆಲೆ ಇದೆ. ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ, ಅಷ್ಟೇ.

ಎರಡೂ ಪೆಟ್ಟಿಗೆ ಇಲ್ಲೇ ಪರದೆಯ ಹಿಂದಿವೆ. ಆವಾಜು ಸರಿ ಮಾಡಿದ್ದೇವೆ. ಯಾವುದು ಯಾವಾಗ ನುಡಿಯುತ್ತದೆ ಅಂತ ನನಗೂ ಗೊತ್ತಿಲ್ಲ, ಅಳಿಯನಿಗೆ ಮಾತ್ರ ಗೊತ್ತು. ಚೀಟಿಯಲ್ಲಿ ಒಂದು ಅಥವಾ ಎರಡು ಅಂತ ಬರೆಯಿರಿ, ಪಕ್ಕದವರದು ನೋಡಬೇಡಿ. ಯಾರಾದರೂ ಆ ಫ್ಯಾನು ಬಂದ್ ಮಾಡ್ರಿ.